ಸಿಂಧನೂರಿನ ಚಳಿಗಾಲದ ಹೊಗೆ: ಇದು ಬರೀ ಚಳಿಯ ಕೆಮ್ಮಲ್ಲ



ಕ್ರಿಸ್ಮಸ್ ಹತ್ತಿರ ಬಂದಂತೆ ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಗೋದಲಿಗೆ ಬೈಹುಲ್ಲು ಹುಡುಕುವ ಕೆಲಸ ಶುರುವಾಗುತ್ತದೆ. ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ಒಂದು ಕಟ್ಟು ಹುಲ್ಲಿಗೂ ದನ ಸಾಕುವವರ ಮನೆ ಬಾಗಿಲಿಗೆ ಹೋಗಬೇಕು. ಅದೇ ದಿನಗಳಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರಿನ ಸುತ್ತಮುತ್ತ ಎಕರೆಗಟ್ಟಲೆ ಹುಲ್ಲಿಗೆ ಬೆಂಕಿ ಬೀಳುತ್ತದೆ. ಬಳ್ಳಾರಿ ಧರ್ಮಪ್ರಾಂತಕ್ಕೆ ಸೇರಿದ ಆ ಭಾಗದಲ್ಲಿ ಸೇವೆ ಮಾಡುವವರು ರಜೆಗೆ ಊರಿಗೆ ಬಂದಾಗ, "ಚಳಿಗೆ ಕೆಮ್ಮು ಹಿಡಿದಿದೆ" ಎನ್ನುವುದನ್ನು ಕೇಳಿದ್ದೇನೆ. ಚಳಿ ಅದರಲ್ಲಿ ಅರ್ಧ ಪಾಲುದಾರ ಮಾತ್ರ.

ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ರಾಷ್ಟ್ರೀಯ ಹೆದ್ದಾರಿ 150ಎ ಮೇಲಿನ ಊರುಗಳು. ಅಶೋಕನ ಹೆಸರುಳ್ಳ ಶಿಲಾಶಾಸನ 1915ರಲ್ಲಿ ಸಿಕ್ಕಿದ್ದು ಮಸ್ಕಿಯಲ್ಲಿ. ಹಟ್ಟಿ ಚಿನ್ನದ ಗಣಿ ಇರುವುದು ಲಿಂಗಸುಗೂರು ತಾಲ್ಲೂಕಿನಲ್ಲಿ. ಆದರೆ ಸಿಂಧನೂರಿಗೆ ಹೆಸರು ತಂದದ್ದು ಭತ್ತ. 1950ರ ದಶಕದಲ್ಲಿ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆ ಹರಿಯತೊಡಗಿತು. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳೇ ಹೆಚ್ಚಾಗಿರಲಿ ಎಂಬುದು ಯೋಜನೆ ಮಾಡಿದವರ ಲೆಕ್ಕವಾಗಿತ್ತು. ಆಂಧ್ರದ ಕಡೆಯಿಂದ ಬಂದು 'ಕ್ಯಾಂಪು'ಗಳಲ್ಲಿ ನೆಲೆಸಿದ ರೈತರು ಭತ್ತ ಹಾಕಿದರು, ಊರವರೂ ಅದನ್ನೇ ಹಿಡಿದರು. ಎರಡನೇ ಬೆಳೆಗೆ ನೀರು ಸಿಗುವ ವರ್ಷಗಳಲ್ಲಿ ಒಂದೇ ಹೊಲದಲ್ಲಿ ಎರಡು ಸಲ ಭತ್ತ.

ತೊಂದರೆಯ ಮೂಲ ಈ ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿದೆ. ಮುಂಗಾರಿನ ಭತ್ತ ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಕಾಲುವೆಯ ನೀರು ರೈತನ ಅನುಕೂಲ ನೋಡಿ ಬರುವುದಿಲ್ಲ. ನೀರಾವರಿ ಸಲಹಾ ಸಮಿತಿ ಗೊತ್ತು ಮಾಡಿದ ದಿನಕ್ಕೆ ಬರುತ್ತದೆ. ಅಷ್ಟರೊಳಗೆ ಹೊಲ ಖಾಲಿಯಾಗಿ ಸಸಿಮಡಿ ಸಿದ್ಧವಿರಬೇಕು. ಹಿಂದೆ ಕುಡುಗೋಲಿನಿಂದ ಕೊಯ್ದಾಗ ಉದ್ದನೆಯ ಹುಲ್ಲು ಸಿಗುತ್ತಿತ್ತು, ಬಣವೆ ಒಟ್ಟುತ್ತಿದ್ದರು. ಈಗ ಕೊಯ್ಲಿನ ಯಂತ್ರ ಕೆಲವೇ ಗಂಟೆಗಳಲ್ಲಿ ಹೊಲ ಮುಗಿಸಿ, ತೆನೆ ಬಡಿದು, ಹುಲ್ಲನ್ನು ತುಂಡುತುಂಡಾಗಿ ಚೆಲ್ಲಿ ಹೋಗುತ್ತದೆ. ಕೂಳೆ ನೆಲದಲ್ಲೇ ನಿಲ್ಲುತ್ತದೆ. ಭತ್ತದ ತೂಕದಷ್ಟೇ ಹುಲ್ಲು ಇರುವುದರಿಂದ ಎಕರೆಗೆ ಎರಡು ಟನ್‌ಗೂ ಹೆಚ್ಚು ಹುಲ್ಲನ್ನು ಬಾಚಿ, ಹೇರಿ, ಸಾಗಿಸಬೇಕು. ಕೂಲಿಗೆ ಜನ ಸಿಗುವುದಿಲ್ಲ, ಸಿಕ್ಕರೂ ಹುಲ್ಲಿನ ಬೆಲೆಯಲ್ಲಿ ಕೂಲಿ ಹುಟ್ಟುವುದಿಲ್ಲ. ಬೇಕಾದವರು ಪುಕ್ಕಟೆ ಒಯ್ಯಲಿ, ಹೊಲ ಖಾಲಿಯಾದರೆ ಸಾಕು ಎನ್ನುವ ಸ್ಥಿತಿ. ಬೆಂಕಿಪೆಟ್ಟಿಗೆಗೆ ತಗಲುವುದು ಒಂದೆರಡು ರೂಪಾಯಿ. ರೈತನನ್ನು ಬೈಯುವ ಮೊದಲು ಈ ಲೆಕ್ಕವನ್ನು ನಾವು ತಿಳಿಯಬೇಕು.

ಇನ್ನು ಚಳಿಯ ಪಾಲು. ಹಗಲಿನಲ್ಲಿ ಬಿಸಿಲಿಗೆ ನೆಲ ಕಾದು, ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಹೊಗೆಯನ್ನೂ ಜೊತೆಗೆ ಒಯ್ಯುತ್ತದೆ. ಮೋಡವಿಲ್ಲದ ಡಿಸೆಂಬರ್ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ, ಅದು ಕೆಳಗೇ ಕೂರುತ್ತದೆ. ಅದರ ಮೇಲೆ ಸ್ವಲ್ಪ ಬೆಚ್ಚಗಿನ ಗಾಳಿಯ ಪದರ. ಗಂಜಿ ಪಾತ್ರೆಗೆ ಮುಚ್ಚಳ ಹಾಕಿದಂತೆ. ಸಂಜೆ ಹಚ್ಚಿದ ಬೆಂಕಿಯ ಹೊಗೆ ಈ ಮುಚ್ಚಳದ ಕೆಳಗೆ ಸಿಕ್ಕಿಕೊಂಡು, ಬೆಳಿಗ್ಗೆ ಬಿಸಿಲು ಚೆನ್ನಾಗಿ ಏರುವವರೆಗೂ ಮನೆ, ಶಾಲೆಗಳ ಮಟ್ಟದಲ್ಲೇ ನಿಲ್ಲುತ್ತದೆ. ಹೆದ್ದಾರಿಯಲ್ಲಿ ಅದರೊಡನೆ ಮಂಜೂ ಸೇರಿದರೆ ಎದುರಿನ ಗಾಡಿ ಕಾಣುವುದಿಲ್ಲ. ಕರಾವಳಿಯ ನಮಗೆ ಇದರ ಅನುಭವ ಕಡಿಮೆ. ನಮ್ಮಲ್ಲಿ ಹಗಲಿಗೆ ಕಡಲ ಗಾಳಿ, ರಾತ್ರಿಗೆ ನೆಲದ ಗಾಳಿ. ಅಷ್ಟಿಷ್ಟು ಗುಡಿಸುವ ಕೆಲಸ ದಿನವೂ ನಡೆಯುತ್ತದೆ. ಆ ಬಯಲಿಗೆ ಆ ಭಾಗ್ಯವಿಲ್ಲ.

ಗುಡ್ಡದ ಊರುಗಳಲ್ಲಿ ಗಾಳಿ ಯಾವಾಗಲೂ ಶುದ್ಧ ಎಂಬ ನಂಬಿಕೆಯೂ ಸರಿಯಲ್ಲ. ಫ್ರಾನ್ಸಿನ ಶಾಮೊನಿ ಹಿಮದ ಮೇಲೆ ಜಾರುವ ಆಟಕ್ಕೆ ಲೋಕಪ್ರಸಿದ್ಧ. 1924ರ ಮೊದಲ ಚಳಿಗಾಲದ ಒಲಿಂಪಿಕ್ ನಡೆದದ್ದು ಅಲ್ಲೇ. ಆ ಊರಿರುವ ಆರ್ವ್ ಕಣಿವೆ ಚಳಿಗಾಲದ ಹೊಗೆಗೂ ಅಷ್ಟೇ ಕುಖ್ಯಾತ. ಮನೆ ಬೆಚ್ಚಗಿಡಲು ಉರಿಸುವ ಸೌದೆಯೇ ಅಲ್ಲಿ ಮುಖ್ಯ ಕಾರಣ, ಮುಚ್ಚಳ ಹಾಕುವುದು ಅದೇ ತಣ್ಣನೆಯ ಗಾಳಿ. ಅಲ್ಲಿನವರು ಬರೀ ದಂಡ ಹಾಕಿ ಸುಮ್ಮನಾಗಲಿಲ್ಲ. ಹಳೆಯ ಒಲೆ ಬದಲಿಸುವ ಮನೆಗಳಿಗೆ 2013ರಿಂದ ಹಣ ಕೊಡತೊಡಗಿದರು.

ಹೊಗೆಯಲ್ಲಿ ಇರುವುದೇನು? ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಸುಮಾರು 3 ಕೆ.ಜಿ. ಸೂಕ್ಷ್ಮ ಕಣಗಳು, 60 ಕೆ.ಜಿ. ಕಾರ್ಬನ್ ಮಾನಾಕ್ಸೈಡ್, 1,460 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ ಎಂಬ ಲೆಕ್ಕವನ್ನು ನಮ್ಮ ದೇಶದ ಕೃಷಿ ವಿಜ್ಞಾನಿಗಳು ಬಳಸುತ್ತಾರೆ. 3 ಕೆ.ಜಿ. ಎಂದರೆ ಕಡಿಮೆ ಅನ್ನಿಸಬಹುದು. ಆದರೆ ಅಪಾಯ ಅದರಲ್ಲೇ ಹೆಚ್ಚು. 2.5 ಮೈಕ್ರೋಮೀಟರ್‌ಗಿಂತ ಸಣ್ಣ ಕಣ ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗದಷ್ಟೂ ಇರುವುದಿಲ್ಲ. ಮೂಗಿನ ರೋಮ, ಗಂಟಲಿನ ಕಫ ಅದನ್ನು ತಡೆಯಲಾರವು. ಶ್ವಾಸಕೋಶದ ತಳ ಮುಟ್ಟಿ, ಕೆಲವು ರಕ್ತಕ್ಕೂ ಸೇರುತ್ತವೆ. ಉಬ್ಬಸದವರಿಗೆ ಆ ರಾತ್ರಿಯೇ ಗೊತ್ತಾಗುತ್ತದೆ. ಹೃದಯದ ಕಾಯಿಲೆಯವರಿಗೂ ಇದು ಅಪಾಯ. ಇಂಥ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ 2009ರ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಫೋನಿನಲ್ಲಿ ಸಣ್ಣ ಊರುಗಳಿಗೆ ಕಾಣುವ ಅಂಕಿ ಅನೇಕ ಸಲ ಉಪಗ್ರಹ ಮತ್ತು ಗಣಿತದ ಅಂದಾಜು. ಪಕ್ಕದ ಹೊಲದ ಬೆಂಕಿ ಅದರಲ್ಲಿ ಕಾಣಿಸದೇ ಹೋಗಬಹುದು. ಅಂಕಿ ಹಸಿರಿದೆ ಎಂದು ಮೂಗು ಹೇಳುವುದನ್ನು ಅಲ್ಲಗಳೆಯಬೇಡಿ.

ಹುಲ್ಲಿನದ್ದೇ ಎಲ್ಲ ತಪ್ಪು ಎಂದಲ್ಲ. ಭತ್ತದ ತೂಕದಲ್ಲಿ ಐದನೇ ಒಂದು ಭಾಗ ಹೊಟ್ಟು. ಕುಚ್ಚಲಕ್ಕಿಗೆ ಭತ್ತ ಬೇಯಿಸುವ ಗಿರಣಿಗಳು ಅದನ್ನೇ ಉರಿಸುತ್ತವೆ. ಬೂದಿ ಹಿಡಿಯುವ ವ್ಯವಸ್ಥೆ ಸರಿಯಿಲ್ಲದ ಕಡೆ ಅದು ಬಟ್ಟೆ ಒಣಗಿಸುವ ಹಗ್ಗದ ಮೇಲೆಲ್ಲ ಕೂರುತ್ತದೆ. ಭತ್ತ ತುಂಬಿದ ಲಾರಿಗಳ ಧೂಳು, ಮನೆಯ ಸೌದೆ ಒಲೆ, ಬೀದಿ ಬದಿಯಲ್ಲಿ ಸುಡುವ ಪ್ಲಾಸ್ಟಿಕ್ ಎಲ್ಲವೂ ಅದೇ ಮುಚ್ಚಳದ ಕೆಳಗೆ ಸೇರುತ್ತವೆ. ಚರ್ಚ್ ಆವರಣದ ತರಗೆಲೆಗೆ ಬೆಳಿಗ್ಗೆಯೇ ಬೆಂಕಿ ಇಡುವ ನಮ್ಮ ಅಭ್ಯಾಸವೂ ಇದಕ್ಕೆ ಹೊರತಲ್ಲ.

ಸುಟ್ಟರೆ ಬೂದಿ ಗೊಬ್ಬರವಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಕಡೆ ಸುಡುಮಣ್ಣು ಮಾಡಿ ಗೊತ್ತಿರುವವರಿಗೆ ಈ ಮಾತು ಸಹಜವೇ. ಪೂರ್ತಿ ಸುಳ್ಳೂ ಅಲ್ಲ. ಒಂದು ಟನ್ ಹುಲ್ಲಿನಲ್ಲಿ ಸುಮಾರು 25 ಕೆ.ಜಿ. ಪೊಟ್ಯಾಷ್ ಇದ್ದು, ಅದು ಬಹುಮಟ್ಟಿಗೆ ಬೂದಿಯಲ್ಲಿ ಉಳಿಯುತ್ತದೆ. ಆದರೆ 5.5 ಕೆ.ಜಿ.ಯಷ್ಟು ಸಾರಜನಕ ಬಹುಪಾಲು ಹೊಗೆಯಾಗಿ ಹೋಗುತ್ತದೆ, ಮಣ್ಣಿಗೆ ಸೇರಬೇಕಾದ ಸಾವಯವ ಅಂಶವೂ ಹೋಗುತ್ತದೆ. ಅದನ್ನೇ ಮತ್ತೆ ಯೂರಿಯಾ ಚೀಲದಲ್ಲಿ ಕೊಂಡು ತರಬೇಕು. ಹುಲ್ಲನ್ನು ಹೊಲದಲ್ಲೇ ಕೊಳೆಸುವ ಸೂಕ್ಷ್ಮಾಣು ಮಿಶ್ರಣಗಳು ಬಂದಿವೆ. ದೆಹಲಿಯ ಪೂಸಾ ಸಂಸ್ಥೆಯ ಮಿಶ್ರಣಕ್ಕೆ ಮೂರು ವಾರಕ್ಕೂ ಹೆಚ್ಚು ಸಮಯ ಮತ್ತು ಮಣ್ಣಿನಲ್ಲಿ ತೇವ ಬೇಕು. ಅಷ್ಟು ದಿನ ಇಲ್ಲದಿರುವುದೇ ಸಮಸ್ಯೆಯಾದ್ದರಿಂದ ಇದನ್ನು ಎಲ್ಲರಿಗೂ ಮದ್ದೆಂದು ಹೇಳಲು ನನಗೆ ಧೈರ್ಯವಿಲ್ಲ.

ಅಲ್ಲಿ ಶಾಲೆ, ವಿದ್ಯಾರ್ಥಿನಿಲಯ ನಡೆಸುವವರಿಗೆ ಒಂದೆರಡು ಮಾತು. ಹೊಗೆಯ ದಿನಗಳಲ್ಲಿ ಮಕ್ಕಳ ಕವಾಯತು, ಆಟವನ್ನು ಬೆಳಗಿನ ಬದಲು ಮಧ್ಯಾಹ್ನದ ನಂತರ ಇಡಿ. ಹೊರಗೆ ಬಯಲಿನಲ್ಲಿ ಕ್ರಿಸ್ಮಸ್ ರಾತ್ರಿಯ ಬಲಿಪೂಜೆ ಇಡುವವರು ಹಿರಿಯರಿಗೆ, ಉಬ್ಬಸದವರಿಗೆ ಒಳಗೆ ಜಾಗ ಮಾಡಿಕೊಡಿ. ಕರವಸ್ತ್ರ ಕಟ್ಟಿಕೊಂಡರೆ ಧೂಳು ತಡೆದೀತು, ಈ ಕಣಗಳನ್ನಲ್ಲ. ಎನ್-95 ಮಾಸ್ಕ್ ಬೇಕು. ಉಬ್ಬಸಕ್ಕೆ ಸೇದುವ ಔಷಧಿಯನ್ನು ನವೆಂಬರ್‌ನಲ್ಲೇ ತಂದಿಟ್ಟುಕೊಳ್ಳಿ, ಡೋಸ್ ಬದಲಿಸುವುದಿದ್ದರೆ ವೈದ್ಯರನ್ನು ಕೇಳಿ.

ಹುಲ್ಲಿಗೆ ಬೇಡಿಕೆ ಇಲ್ಲವೆಂಬುದು ನಿಜವಲ್ಲ ಎನ್ನುವುದೇ ಇಲ್ಲಿ ಬೇಸರದ ಸಂಗತಿ. ಮಸ್ಕಿ, ಲಿಂಗಸುಗೂರಿನ ಮಳೆಯಾಶ್ರಿತ ಹಳ್ಳಿಗಳಲ್ಲಿ ಬೇಸಿಗೆಗೆ ಮೇವಿನ ಚಿಂತೆ. 2020ರ ಕೊನೆಯಲ್ಲಿ ಮಸ್ಕಿ ಭಾಗದ ರೈತರು 5ಎ ಕಾಲುವೆಗಾಗಿ ದಿನಗಟ್ಟಲೆ ಧರಣಿ ಕೂತದ್ದು ನೀರಿಲ್ಲದ ಹೊಲಗಳಿಗಾಗಿಯೇ. ದನಗಳಿಗೆ ಅಲ್ಲಿ ಜೋಳದ ಕಣಕಿ ಹೆಚ್ಚು ಇಷ್ಟ, ನಿಜ. ಆದರೆ ಮಳೆ ಕೈಕೊಟ್ಟ ವರ್ಷ ಭತ್ತದ ಹುಲ್ಲೂ ಬೇಕು. ಅಡ್ಡಿಯಾಗಿರುವುದು ಸಾಗಣೆ. ಬಿಡಿ ಹುಲ್ಲು ಲಾರಿ ತುಂಬ ಜಾಗ ಹಿಡಿದು ತೂಕವೇ ಬರುವುದಿಲ್ಲ. ಟ್ರಾಕ್ಟರಿಗೆ ಜೋಡಿಸುವ ಬೇಲರ್ ಯಂತ್ರ ಚೆಲ್ಲಿದ ಹುಲ್ಲನ್ನು ಬಾಚಿ, ಒಂದೊಂದು ಸುಮಾರು 20 ಕೆ.ಜಿ.ಯ ಉಂಡೆ ಕಟ್ಟುತ್ತದೆ. ಆಗ ಬಾಡಿಗೆ ಹುಟ್ಟುತ್ತದೆ. ಯಂತ್ರದ ಬೆಲೆ ಒಬ್ಬ ಸಣ್ಣ ರೈತನ ಕೈಗೆ ಎಟಕುವುದಲ್ಲ. ಸಹಕಾರ ಸಂಘವೋ, ಸ್ವಸಹಾಯ ಗುಂಪೋ ಕೊಯ್ಲಿಗೆ ಮೊದಲೇ ಒಂದನ್ನು ತಂದು ಬಾಡಿಗೆಗೆ ಬಿಡಬೇಕು. ಭತ್ತದ ಕೊಯ್ಲಿನ ಯಂತ್ರ ಆ ಊರುಗಳಿಗೆ ಬಂದದ್ದೂ ಹೀಗೆ ಬಾಡಿಗೆಯ ಮೇಲೆಯೇ.

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಗೋದಲಿಗೆ ಸಿಕ್ಕಿದ ಹುಲ್ಲೂ ಘಟ್ಟದ ಮೇಲಿನಿಂದ ಲಾರಿಯಲ್ಲಿ ಹೈನುಗಾರರೊಬ್ಬರ ಮನೆಗೆ ಬಂದದ್ದು. ಯಂತ್ರ ಕಟ್ಟಿದ ಉಂಡೆ. ಯುವಕರು ಅದನ್ನು ಬಿಚ್ಚಲು ಗೊತ್ತಾಗದೆ ಅರ್ಧ ಗಂಟೆ ಒದ್ದಾಡಿದರು.