ಕಾನು ಎಲ್ಲಿದ್ದು?

ಕುಮಟೆಯಿಂದ ಭಟಕಳದವರೆಗಿನ ಕರಾವಳಿಯಲ್ಲಿ ಗುಡ್ಡದ ಮೇಲಿನ ಗುಡಿಗಳಿಗೆ ಕೊರತೆಯಿಲ್ಲ. ಕೈಗೊಂದು ಕ್ಯಾಮರಾ ಬಂದ ಮೇಲೆ ಅವುಗಳ ಚಿತ್ರಗಳಿಗೂ ಕೊರತೆಯಿಲ್ಲ. ಆದರೆ ಗುಡ್ಡದ ಗುಡಿಯ ಚಿತ್ರ ತೆಗೆಯುವುದೆಂದರೆ ಏನನ್ನು ತೆಗೆಯುವುದು? ಈ ಪ್ರಶ್ನೆಯನ್ನು ನನಗೆ ಹಾಕಿದವಳು ನನ್ನ ಆಯಿ.

ಹೊನ್ನಾವರ ತಾಲೂಕಿನ ಅರೇಅಂಗಡಿಯ ಸಮೀಪ, ಗುಡ್ಡದ ಮೇಲೆ, ಕರಿಕಾನ ಪರಮೇಶ್ವರಿಯ ಗುಡಿಯಿದೆ. ಆಯಿ ಕಾಲಿನ ಬಲ ಕುಂದಿ ಮಂಚ ಹಿಡಿದಾಗ, ಆ ಅಮ್ಮನ ಸನ್ನಿಧಿಯನ್ನು ಇನ್ನು ಕಾಣುವ ಯೋಗವಿಲ್ಲವೆಂದು ಕೊರಗಿದಳು. ನಾನು ಹೋಗಿ, ಗುಡಿಯೆದುರು ನಿಂತು ಚಿತ್ರ ತೆಗೆದು ತಂದುಕೊಟ್ಟೆ. ಬಹಳ ಹೊತ್ತು ನೋಡಿದ ಆಯಿ, “ಗುಡಿ ಸರಿ ತಮಾ, ಕಾನು ಎಲ್ಲಿದ್ದು?” ಎಂದಳು.

ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಕಾನು ಎಂದರೆ ಕಾಡು. ನಮ್ಮ ಸೀಮೆಯಲ್ಲಿ ವರ್ಷವಿಡೀ ಹಸುರಾಗಿರುವ ದಟ್ಟ ಕಾಡು. ಕರಿದಾದ ಕಾನೇ ಕರಿಕಾನು. ದೇವಿಗೆ ಹೆಸರು ಬಂದುದು ಕಟ್ಟಡದಿಂದಲ್ಲ, ಕಾಡಿನಿಂದ. ಸ್ಪೇನ್ ದೇಶದ ಹಳ್ಳಿಗಳಲ್ಲಿ, ಹಲವು ವೇಳೆ ಗುಡ್ಡದ ಮೇಲೆ, ಊರಾಚೆ ಇರುವ ಪುಟ್ಟ ಪ್ರಾರ್ಥನಾಮಂದಿರಕ್ಕೆ ‘ಎರ್ಮಿತಾ’ ಎನ್ನುತ್ತಾರೆ. ಅದರ ಮೂಲವಾದ ಗ್ರೀಕ್ ಪದಕ್ಕೆ ‘ನಿರ್ಜನ’ ಎಂಬ ಅರ್ಥ. ಅಲ್ಲಿಯೂ ಹೆಸರು ಗೋಡೆಯದಲ್ಲ, ಸ್ಥಳದ್ದು.

1801ರಲ್ಲಿ ಕೆನರಾ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಕಾಡುಗಳು ಊರ ದೇವರ ಸೊತ್ತೆಂದೂ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲವೆಂದೂ ಬರೆದಿಟ್ಟಿದ್ದಾನೆ. ಅಂಥ ನಂಬಿಕೆಯ ಆಸರೆಯಲ್ಲಿ ಉಳಿದ ಕಾನುಗಳಲ್ಲಿ ಕರಿಕಾನವೂ ಒಂದು. ಸಹ್ಯಾದ್ರಿಯಲ್ಲಲ್ಲದೆ ಬೇರೆಲ್ಲಿಯೂ ಸಹಜವಾಗಿ ಬೆಳೆಯದ ಡಿಪ್ಟೆರೊಕಾರ್ಪಸ್ ಇಂಡಿಕಸ್ ಎಂಬ ಎತ್ತರದ ವೃಕ್ಷ ಇಲ್ಲಿದೆ.

ಇನ್ನು ಕ್ಯಾಮರಾದ ಮಾತು. ಫೋನಿನ ಕ್ಯಾಮರಾದ ಮಸೂರ ಅಗಲ ನೋಟದ್ದು. ಹತ್ತಿರ ನಿಂತರೆ ಗುಡಿ ದೊಡ್ಡದಾಗಿ, ಹಿಂದಿನ ಕಾಡು ಕುಗ್ಗುತ್ತದೆ. ಮೇಲಕ್ಕೆ ವಾಲಿಸಿದರೆ ಗೋಡೆಗಳು ಹಿಂದಕ್ಕೆ ಒರಗಿದಂತೆ ಕಾಣುತ್ತವೆ. ಎರಡಕ್ಕೂ ಮದ್ದು ಒಂದೇ: ಹಿಂದೆ ಸರಿಯುವುದು.

ಎರಡನೆಯ ತೊಡಕು ಬೆಳಕಿನದು. ಚೌಕಟ್ಟಿನ ಬಹುಭಾಗ ಕಪ್ಪಾಗಿದ್ದರೆ, ಯಂತ್ರ ಬೆಳಕು ಸಾಲದೆಂದು ಬಗೆದು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಆಗ ಕರಿಕಾನು ಬೂದುಗಾನಾಗುತ್ತದೆ, ಬಿಸಿಲು ಬಿದ್ದ ಗೋಡೆ ಬರಿಯ ಬಿಳುಪಾಗುತ್ತದೆ. ಆದ್ದರಿಂದ ಬೆಳಕನ್ನು ಗೋಡೆಗೆ ಹೊಂದಿಸಬೇಕು. ಕಾಡು ಕಪ್ಪಾಗಿಯೇ ಇರಲಿ. ನಡುಹಗಲ ಬಿಸಿಲಿಗಿಂತ ತೆಳುಮೋಡದ ಹೊತ್ತು ಲೇಸು. ಮಳೆಗಾಲ ತೀರಿದ ಮೇಲೆ ಗಾಳಿ ತೊಳೆದಂತಿರುತ್ತದೆ, ಎಲೆಗಳ ಮೇಲೆ ಧೂಳಿರುವುದಿಲ್ಲ.

ಎಲ್ಲ ಗುಡ್ಡಕ್ಕೂ ಒಂದೇ ಸೂತ್ರವಲ್ಲ. ಭಟಕಳ ತಾಲೂಕಿನ ಮುರ್ಡೇಶ್ವರದ ಕಂದುಕಗಿರಿಗೆ ಮೂರು ಕಡೆ ಕಡಲು. ಅಲ್ಲಿ ಕಡಲಿಲ್ಲದ ಚಿತ್ರ ಅಪೂರ್ಣ. ಗರ್ಭಗುಡಿಯ ಮಾತು ಬೇರೆ: ಅಲ್ಲಿ ಅರ್ಚಕರ ಅನುಮತಿಯಿಲ್ಲದೆ ಕ್ಯಾಮರಾ ಎತ್ತಬಾರದು.

ನಾನು ಮತ್ತೊಮ್ಮೆ ಹೋದೆ. ಈ ಸಲ ಮರಗಳ ಬುಡದವರೆಗೆ ಹಿಂದೆ ಸರಿದು ನಿಂತೆ. ಚಿತ್ರದಲ್ಲಿ ಗುಡಿ ಅಂಗೈಯಗಲವೂ ಇರಲಿಲ್ಲ. ಉಳಿದುದೆಲ್ಲ ಕಾಂಡ, ಎಲೆ, ನೆರಳು. ಆಯಿ ಅದನ್ನು ಮಂಚದ ಎದುರಿನ ಗೋಡೆಗೆ ತೂಗಹಾಕಿಸಿದಳು. ಮುಂದೆ ಐದು ತಿಂಗಳು, ಅವಳ ಕೊನೆಯ ದಿನದವರೆಗೆ, ಬೆಳಗೆದ್ದು ಕೈಮುಗಿಯುತ್ತಿದ್ದುದು ಅದಕ್ಕೇ.