ಟಿವಿ ಇರಲಿ, ಸ್ಟಿಕ್ ಬದಲಿಸಿ

ಸೀರಿಯಲ್ ಹೊತ್ತಿಗೆ ಸರಿಯಾಗಿ ಪರದೆ ಮೇಲೆ ಗಿರಗಿರ ಸುತ್ತೋ ಚಕ್ರ. ಹಾಗಂತ ಟಿವಿನೇ ಬದಲಾಯಿಸೋಕೆ ಹೊರಡಬೇಡಿ. ಮೊದಲು ಅದರ ಹಿಂದೆ ಸಿಕ್ಕಿಸಿರೋ ಸ್ಟ್ರೀಮಿಂಗ್ ಸ್ಟಿಕ್ ನೋಡಿ.

ಉದಾಹರಣೆಗೆ, 2013ರಲ್ಲಿ ಬಂದ ಮೊದಲ ಕ್ರೋಮ್‌ಕಾಸ್ಟ್ ಸ್ಟಿಕ್‌ಗೆ ಗೂಗಲ್ 2023ರಲ್ಲಿ ಅಪ್‌ಡೇಟ್ ನಿಲ್ಲಿಸ್ತು. ಮರುವರ್ಷ ಕ್ರೋಮ್‌ಕಾಸ್ಟ್ ತಯಾರಿಕೆಯನ್ನೇ ಕೈಬಿಟ್ಟಿತು. ಆ್ಯಪ್‌ಗಳು ದಪ್ಪ ಆಗ್ತಾ ಹೋಗ್ತವೆ, ಹಳೇ ಸ್ಟಿಕ್‌ನ ಮೆಮೊರಿ ಮಾತ್ರ ಇದ್ದಷ್ಟೇ ಇರುತ್ತೆ.

ನಿಮ್ಮದು ಫುಲ್ ಎಚ್‌ಡಿ ಟಿವಿನಾ? ಫೋರ್‌ಕೆ ಸ್ಟಿಕ್‌ಗೆ ದುಡ್ಡು ಸುರಿಯೋದು ಬೇಡ. ಫೈರ್ ಟಿವಿ ಸ್ಟಿಕ್‌ನ ಎಚ್‌ಡಿ ಮಾಡೆಲ್ ಧಾರಾಳ ಸಾಕು.

ಆದ್ರೆ ಹೆಸರಿಲ್ಲದ ಅಗ್ಗದ ಆಂಡ್ರಾಯ್ಡ್ ಬಾಕ್ಸ್ ದಯವಿಟ್ಟು ತರಬೇಡಿ. ವೈಡ್‌ವೈನ್ ಎಲ್1 ಅನ್ನೋ ಭದ್ರತಾ ಮಟ್ಟ ಇಲ್ದಿದ್ರೆ ನೆಟ್‌ಫ್ಲಿಕ್ಸ್ ಎಚ್‌ಡಿಯಲ್ಲಿ ಬರೋದೇ ಇಲ್ಲ, ಚಿತ್ರ ಮಸುಕು ಮಸುಕು. ಅದಕ್ಕಿಂತ ಭಯದ ವಿಷಯ, ಇಂಥ ಕೆಲವು ಬಾಕ್ಸ್‌ಗಳು ಮಾಲ್‌ವೇರ್ ಹೊತ್ತುಕೊಂಡೇ ಮನೆಗೆ ಬರ್ತವೆ. 2025ರಲ್ಲಿ ಅಮೆರಿಕದ ಎಫ್‌ಬಿಐ ಈ ಬಗ್ಗೆ ಎಚ್ಚರಿಸಿತ್ತು. ನಿಮ್ಮ ಬ್ಯಾಂಕ್ ಆ್ಯಪ್ ಇರೋ ಫೋನಿಗೂ ಆ ಬಾಕ್ಸ್‌ಗೂ ಒಂದೇ ವೈಫೈ, ನೆನಪಿರಲಿ.

ಹೊಸ ಸ್ಟಿಕ್‌ಗೆ ಜೊತೆಗೆ ಕೊಟ್ಟ ಅಡಾಪ್ಟರನ್ನೇ ಬಳಸಿ. ಟಿವಿಯ ಯುಎಸ್‌ಬಿಯಿಂದ ಕರೆಂಟ್ ಸಾಲದೆ ಸ್ಟಿಕ್ ಪದೇಪದೇ ರೀಸ್ಟಾರ್ಟ್ ಆಗಬಹುದು. ಹಳೇದನ್ನ ಇ-ತ್ಯಾಜ್ಯಕ್ಕೆ ಕೊಡೋ ಮುಂಚೆ ಫ್ಯಾಕ್ಟರಿ ರೀಸೆಟ್ ಮಾಡಿ, ನಿಮ್ಮ ಅಕೌಂಟ್ ಅದರೊಳಗೆ ಉಳೀಬಾರದು.