ಕಣ್ಣಿನ ಪೊರೆ ತೆಗೆಸುವ ದಿನ

ಅಜ್ಜಿ ಓದು ಕಲಿತರು. ಆದರೆ ಅಕ್ಷರ ಕಾಣದು. ಪುಸ್ತಕದ ಮೇಲೆ ಹೊಗೆ ಮುಚ್ಚಿದ ಹಾಗೆ ಇದೆ. ಬಸ್ಸಿನ ಬೋರ್ಡೂ ಕಾಣದು.

ಡಾಕ್ಟರು ನೋಡಿ ಹೇಳಿದರು, "ಅಜ್ಜಿ, ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮಾಡಿಸಬೇಕು."

"ಬ್ಯಾಡ ಕಣಪ್ಪ. ಪೊರೆ ಇನ್ನೂ ಹಣ್ಣಾಗ್ಲಿ. ಕಣ್ಣು ಕಿತ್ತು ಹೊರಗಿಡ್ತಾರಂತೆ!" ಅಂದರು ಅಜ್ಜಿ.

ನಿಮ್ಮ ಮನೆಯಲ್ಲೂ ಹೀಗೆ ಹೆದರುವವರು ಇದ್ದಾರೆಯೇ? ಬನ್ನಿ, ಆ ದಿನ ಏನು ನಡೆಯುತ್ತದೆ ತಿಳಿಯೋಣ.

ಪೊರೆ ಎಂದರೇನು?

ನಮ್ಮ ಕಣ್ಣೊಳಗೆ ಒಂದು ಮಸೂರ ಇದೆ. ಅದು ಗಾಜಿನ ಹಾಗೆ ತಿಳಿಯಾಗಿರುತ್ತದೆ. ವಯಸ್ಸಾದಂತೆ ಮಬ್ಬಾಗುತ್ತದೆ. ಅದೇ ಪೊರೆ. ಮಾತ್ರೆಯಿಂದ ಅದು ಹೋಗದು. ಸೊಪ್ಪಿನ ರಸ ಬಿಟ್ಟರೆ ಕಣ್ಣೇ ಕೆಡಬಹುದು. ಹಣ್ಣಾಗಲಿ ಎಂದು ಕಾಯುವ ಕಾಲ ಹೋಯಿತು. ಬಹಳ ತಡ ಮಾಡಿದರೆ ಕಣ್ಣಿನ ಒತ್ತಡ ಏರಬಹುದು. ಆಗ ಹೋದ ದೃಷ್ಟಿ ಮರಳಿ ಬಾರದಿರಬಹುದು.

ನಮ್ಮ ನಾಡಿನ ಡಾ. ಎಂ.ಸಿ. ಮೋದಿ ಅವರು ಊರೂರಿಗೆ ಹೋಗಿ ಲಕ್ಷಾಂತರ ಜನರ ಕಣ್ಣಿಗೆ ಆಪರೇಷನ್ ಮಾಡಿದರು. 2005ರಲ್ಲಿ ತೀರಿಕೊಂಡರು. ಹಿಂದೆಲ್ಲ ಪೊರೆ ತೆಗೆದ ಮೇಲೆ ದಪ್ಪ ಕನ್ನಡಕ ಬೇಕಿತ್ತು. ಈಗ ಕಣ್ಣೊಳಗೇ ಹೊಸ ಮಸೂರ ಇಡುತ್ತಾರೆ.

ಹೊರಡುವ ಮುನ್ನ

ತಲೆಗೆ ಸ್ನಾನ ಮಾಡಿ. ಆಮೇಲೆ ಕೆಲವು ದಿನ ತಲೆಗೆ ನೀರು ಹಾಕುವಂತಿಲ್ಲ. ಕಾಡಿಗೆ ಹಚ್ಚಬೇಡಿ. ಊಟ ಮಾಡಬಹುದೇ ಎಂದು ಮೊದಲೇ ಕೇಳಿ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದರೆ ಹೇಳಿ. ನುಂಗುವ ಮಾತ್ರೆಗಳನ್ನೆಲ್ಲ ತೋರಿಸಿ. ಜೊತೆಗೆ ಒಬ್ಬರು ಇರಲಿ.

ಆಸ್ಪತ್ರೆಯಲ್ಲಿ

ಆಪರೇಷನ್ ಆಗುವ ಕಣ್ಣಿನ ಮೇಲೆ, ಹಣೆಗೆ ಗುರುತು ಹಾಕುತ್ತಾರೆ. ಅದನ್ನು ಅಳಿಸಬೇಡಿ. ಮತ್ತೆ ಮತ್ತೆ ಕಣ್ಣಿಗೆ ಹನಿ ಬಿಡುತ್ತಾರೆ. ಕಣ್ಣಿನ ಪಾಪೆ ಅಗಲವಾಗಲು ಇದು ಬೇಕು. ಕಣ್ಣು ಮಂಜಾಗುತ್ತದೆ. ಹೆದರಬೇಡಿ.

ಆಮೇಲೆ ಕಣ್ಣು ಮರಗಟ್ಟಲು ಹನಿ ಹಾಕುತ್ತಾರೆ, ಇಲ್ಲವೇ ಇಂಜೆಕ್ಷನ್ ಕೊಡುತ್ತಾರೆ. ಸಾಮಾನ್ಯವಾಗಿ ನಿಮಗೆ ಎಚ್ಚರ ಇರುತ್ತದೆ. ಮುಖಕ್ಕೆ ಬಟ್ಟೆ ಹೊದಿಸುತ್ತಾರೆ. ಬೆಳಕು ಕಾಣುತ್ತದೆ, ಮಾತು ಕೇಳುತ್ತದೆ. ತಲೆ ಅಲ್ಲಾಡಿಸಬೇಡಿ. ಕೆಮ್ಮು ಬಂದರೆ, ನೋವಾದರೆ ಬಾಯಲ್ಲಿ ಹೇಳಿ. ಕೈ ಎತ್ತಬೇಡಿ.

ಕಣ್ಣನ್ನು ಹೊರಗೆ ತೆಗೆಯುವುದಿಲ್ಲ. ಒಂದು ಸಣ್ಣ ಗಾಯ ಮಾಡಿ, ಮಬ್ಬಾದ ಮಸೂರ ತೆಗೆದು, ಹೊಸದನ್ನು ಇಡುತ್ತಾರೆ. ಹೆಚ್ಚಾಗಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ಲೇಸರ್ ಎಂದರೆ?

ಪೊರೆ ತೆಗೆಯುವುದನ್ನು ಜನ "ಲೇಸರ್ ಆಪರೇಷನ್" ಅನ್ನುತ್ತಾರೆ. ಆದರೆ ಹೆಚ್ಚಿನ ಕಡೆ ಪೊರೆ ತೆಗೆಯುವುದು ಲೇಸರ್‌ನಿಂದ ಅಲ್ಲ. ಕೆಲವರಿಗೆ ತಿಂಗಳು, ವರ್ಷ ಕಳೆದ ಮೇಲೆ ಹೊಸ ಮಸೂರದ ಹಿಂದೆ ಮತ್ತೆ ಮಬ್ಬು ಕಟ್ಟುತ್ತದೆ. ಆಗ ಲೇಸರ್ ಬೆಳಕು ಬಿಟ್ಟು ಅದನ್ನು ಸರಿಮಾಡುತ್ತಾರೆ. ಕೆಲವೇ ನಿಮಿಷದ ಕೆಲಸ. ಕುಳಿತೇ ಮಾಡಿಸಿಕೊಳ್ಳಬಹುದು.

ಮನೆಗೆ ಬಂದ ಮೇಲೆ

ಕಣ್ಣು ಉಜ್ಜಬೇಡಿ. ಕಣ್ಣಿಗೆ ನೀರು, ಹೊಗೆ, ದೂಳು ತಾಗದಿರಲಿ. ಭಾರ ಎತ್ತಬೇಡಿ. ಕೈ ತೊಳೆದು, ಹೇಳಿದಷ್ಟು ದಿನ ಹನಿ ಹಾಕಿ. ಕಣ್ಣು ಸ್ವಲ್ಪ ಚುಚ್ಚಿದಂತೆ ಆಗುವುದು ಸಹಜ.

ಆದರೆ ನೋವು ಹೆಚ್ಚಿದರೆ, ಕಣ್ಣು ಕೆಂಪೇರಿದರೆ, ಕೀವು ಬಂದರೆ, ನೋಟ ಕಡಿಮೆಯಾದರೆ ಅಂದೇ ಆಸ್ಪತ್ರೆಗೆ ಓಡಿ. ನಾಳೆ ನೋಡೋಣ ಎಂದರೆ ಕಣ್ಣು ಹೋದೀತು.

ಸರ್ಕಾರಿ ಕಣ್ಣಿನ ಶಿಬಿರಗಳಲ್ಲಿ ಈ ಆಪರೇಷನ್ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಅಜ್ಜಿ ಕೊನೆಗೂ ಒಪ್ಪಿದರು. ಮಾರನೆಯ ದಿನ ಪಟ್ಟಿ ಬಿಚ್ಚಿದರು. ಅಜ್ಜಿ ಮೊಮ್ಮಗಳ ಮುಖ ನೋಡಿದರು.

"ಅಯ್ಯೋ, ನಿನ್ ಮೂಗಲ್ಲಿ ಮಚ್ಚೆ ಐತಾ ಮಗಾ? ನಂಗೆ ಗೊತ್ತೇ ಇರ್ನಿಲ್ಲ!"

ಹತ್ತಿರದ ಓದಿಗೆ ಒಂದು ತಿಂಗಳ ಮೇಲೆ ಕನ್ನಡಕ ಕೊಟ್ಟರು. ಬಸ್ಸಿನ ಬೋರ್ಡಿಗೆ ಅದೂ ಬೇಡ. ಅಜ್ಜಿ ಈಗ ತಾವೇ ಓದಿ ಬಸ್ಸು ಹತ್ತುತ್ತಾರೆ.

ಚರ್ಚಿಸಿ: ನಿಮ್ಮ ಬೀದಿಯಲ್ಲಿ ಕಣ್ಣು ಮಂಜಾದವರು ಯಾರಿದ್ದಾರೆ? ಅವರ ಜೊತೆಗೆ ಆಸ್ಪತ್ರೆಗೆ ಯಾರು ಹೋಗುತ್ತೀರಿ?